ಫ್ರೀಬಿಎಸ್‌ಡಿ ಲ್ಯಾಪ್‌ಟಾಪ್ ಮಲಗಿದ ಮೇಲೆ ಏಳುತ್ತಿಲ್ಲವಾ? ಹೀಗೆ ನೋಡಿ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದ ಮೇಲೆ ಏಳದಿದ್ದರೆ, ಮುಚ್ಚಳ ಮುಚ್ಚಿದಾಗ ಮಲಗಿಸುವ ಸೆಟ್ಟಿಂಗ್‌ಗೆ ಮೊದಲೇ ಕೈ ಹಾಕಬೇಡಿ. ನಿಮ್ಮ ಮೆಷಿನ್‌ನಲ್ಲಿ ಎಸ್3 (ಮೆಮೊರಿಗೆ ವಿದ್ಯುತ್ ಇಟ್ಟು ಉಳಿದ ಬಹುತೇಕ ಭಾಗಗಳನ್ನು ಆರಿಸುವ ಸ್ಲೀಪ್ ಸ್ಥಿತಿ) ಇದೆಯಾ ಅಂತ ಮೊದಲು ನೋಡಿ. ಸಿಸ್ಟಮ್ ಸೆಟ್ಟಿಂಗ್ ನೋಡುವ, ಬದಲಿಸುವ ಸಿಸ್‌ಸಿಟಿಎಲ್ ಆಜ್ಞೆಯಲ್ಲಿ ‘ಎಚ್‌ಡಬ್ಲ್ಯೂ.ಎಸಿಪಿಐ.ಸಪೋರ್ಟೆಡ್_ಸ್ಲೀಪ್_ಸ್ಟೇಟ್’ ಕೇಳಿದರೆ ಪಟ್ಟಿ ಬರುತ್ತದೆ. ಅದರಲ್ಲಿ ಎಸ್3 ಇಲ್ಲದಿದ್ದರೆ ಬಯಾಸ್‌ಗೆ (ಮೆಷಿನ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಹೋಗಿ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಸ್ಲೀಪ್ ಸ್ಟೇಟ್ ಅಂತ ಆಯ್ಕೆ ಇರುತ್ತದೆ, ಅಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಆರಿಸಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಎಸ್3 ಇರುವುದೇ ಇಲ್ಲ. ಕೊಳ್ಳುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಜಾಸ್ತಿ ಜನರಿಗೆ ಕಾಡುವುದು ಕಪ್ಪು ಪರದೆ. ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಆಗ ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಸಿಸ್ಟಮ್ ಎದ್ದಿದೆ, ಗ್ರಾಫಿಕ್ಸ್ ಮಾತ್ರ ಎದ್ದಿಲ್ಲ ಎಂದೇ ಹೆಚ್ಚಾಗಿ ಅರ್ಥ. ಗ್ರಾಫಿಕ್ಸ್ ಡ್ರೈವರ್‌ಗಳ ಪ್ಯಾಕೇಜ್ ಆದ ಡಿಆರ್‌ಎಂ-ಕೆಮಾಡ್ ಹಾಕಿ, ಸೆಟ್ಟಿಂಗ್ ಫೈಲ್ ಆರ್‌ಸಿ.ಕಾನ್ಫ್‌ನ ಕೆಎಲ್‌ಡಿ_ಲಿಸ್ಟ್‌ಗೆ (ಬೂಟ್ ಆಗುವಾಗ ಲೋಡ್ ಆಗುವ ಮಾಡ್ಯೂಲ್‌ಗಳ ಪಟ್ಟಿ) ಇಂಟೆಲ್ ಆದರೆ ಐ915ಕೆಎಂಎಸ್, ಹೊಸ ಎಎಂಡಿ ಆದರೆ ಎಎಂಡಿಜಿಪಿಯು ಸೇರಿಸಿ. ನಿಮ್ಮ ಫ್ರೀಬಿಎಸ್‌ಡಿ ಆವೃತ್ತಿಗೆ ಹೊಂದುವ ಪ್ಯಾಕೇಜೇ ಇರಬೇಕು, ಇದನ್ನು ಮಾತ್ರ ಮರೆಯಬೇಡಿ.

ದೀಪವೂ ಹತ್ತದಿದ್ದರೆ ಯಾವುದೋ ಡ್ರೈವರ್ ಸಿಕ್ಕಿಹಾಕಿಕೊಂಡಿರಬಹುದು. ‘ಡೀಬಗ್.ಎಸಿಪಿಐ.ಸಸ್ಪೆಂಡ್_ಬೌನ್ಸ್’ ಅನ್ನು ಸಿಸ್‌ಸಿಟಿಎಲ್‌ನಿಂದ 1 ಮಾಡಿ, ಮಲಗಿಸುವ ಆಜ್ಞೆ ‘ಎಸಿಪಿಐಕಾನ್ಫ್ -ಎಸ್ 3’ ಕೊಡಿ. ಮೆಷಿನ್ ನಿಜವಾಗಿ ಮಲಗುವುದಿಲ್ಲ, ಡ್ರೈವರ್‌ಗಳನ್ನಷ್ಟೇ ಮಲಗಿಸಿ ಎಬ್ಬಿಸುತ್ತದೆ. ಇಲ್ಲೇ ನಿಂತುಹೋದರೆ ಡ್ರೈವರ್ ಮಾಡ್ಯೂಲ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಪರೀಕ್ಷೆಗೆ ಮುಂಚೆ ತೆರೆದ ಫೈಲ್‌ಗಳನ್ನೆಲ್ಲ ಉಳಿಸಿಕೊಳ್ಳಿ.

ಎಲ್ಲ ಸರಿಯಾಗಿ ಏಳುತ್ತಿದೆ ಅಂದಮೇಲೆ ಸಿಸ್‌ಸಿಟಿಎಲ್.ಕಾನ್ಫ್‌ನಲ್ಲಿ ‘ಎಚ್‌ಡಬ್ಲ್ಯೂ.ಎಸಿಪಿಐ.ಲಿಡ್_ಸ್ವಿಚ್_ಸ್ಟೇಟ್=ಎಸ್3’ ಸೇರಿಸಿ. ಇನ್ನು ಮುಚ್ಚಳ ಮುಚ್ಚಿದರೆ ಸಾಕು, ತಾನೇ ಮಲಗುತ್ತದೆ.