ಮೊತ್ತಕ್ಕಿಂತ ಮೊದಲು ಸಾಲು ಎಣಿಸಿ: ಡೇಟಾ ಅನಲಿಸ್ಟ್ ಅಪ್ರೆಂಟಿಸ್ ಆಗಿ ನನ್ನ ಅನುಭವ

"ಜಾಯಿನ್ ಮಾಡೋಕೆ ಮುಂಚೆ ಎಷ್ಟು ಸಾಲಿತ್ತು? ಮಾಡಿದ ಮೇಲೆ ಎಷ್ಟಾಯ್ತು?"

ಅಪ್ರೆಂಟಿಸ್ ಆಗಿ ಸೇರಿ ಎರಡನೇ ತಿಂಗಳು ನಡೀತಿತ್ತು. ನನ್ನ ಮೊದಲ ರಿಪೋರ್ಟ್ ನೋಡಿ, ನನಗೆ ಕಲಿಸುತ್ತಿದ್ದ ಮೇಡಂ ಕೇಳಿದ್ದು ಇಷ್ಟೇ. ನನಗೆ ಉತ್ತರ ಗೊತ್ತಿರಲಿಲ್ಲ. ಸಾಲು ಎಣಿಸಬೇಕು ಅಂತಲೇ ಹೊಳೆದಿರಲಿಲ್ಲ.

ಕೆಲಸ ನೋಡೋಕೆ ಸುಲಭದ್ದೇ. ಆರ್ಡರ್‌ಗಳದ್ದು ಒಂದು ಟೇಬಲ್, ಬಂದ ಹಣದ್ದು ಇನ್ನೊಂದು. ಆರ್ಡರ್ ನಂಬರ್ ಹಿಡಿದು ಎರಡನ್ನೂ ಜೋಡಿಸಿ (ಇದಕ್ಕೇ ಜಾಯಿನ್ ಅನ್ನೋದು), ಆ ತಿಂಗಳು ಒಟ್ಟು ಎಷ್ಟು ಮೊತ್ತದ ಆರ್ಡರ್ ಬಂದಿದೆ ಅಂತ ಹೇಳಬೇಕಿತ್ತು. ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳೋ ಪ್ರಶ್ನೆ, ಬರೆದೆ. ಎರರ್ ಬರಲಿಲ್ಲ. ಎರರ್ ಬರಲಿಲ್ಲ ಅಂದರೆ ಸರಿಯಿದೆ ಅಂತಲೇ ನಾನು ಅಂದುಕೊಂಡಿದ್ದೆ. ಎಣಿಸಿ ನೋಡಿದರೆ ಆರ್ಡರ್ ಟೇಬಲ್‌ನಲ್ಲಿ ಇದ್ದದ್ದು 2,140 ಸಾಲು, ಜೋಡಿಸಿದ ಮೇಲೆ ಆಗಿದ್ದು 2,613. ಹೆಚ್ಚಾದ 473 ಸಾಲು ಎಲ್ಲಿಂದ ಬಂತು?

ಮೇಡಂ ಕಾರಣ ಹೇಳಲಿಲ್ಲ. "ಒಂದೇ ಒಂದು ಆರ್ಡರ್ ತಗೊಂಡು ಎರಡೂ ಕಡೆ ಹುಡುಕಿ ನೋಡು" ಅಂದರು. ಹುಡುಕಿದೆ. ನಾನು ಹಿಡಿದ ಆರ್ಡರ್ 9,000ದ್ದು. ಗಿರಾಕಿ ಅದನ್ನು ಮೂರು ಕಂತಲ್ಲಿ ಕಟ್ಟಿದ್ದರು. ಹಾಗಾಗಿ ಹಣದ ಟೇಬಲ್‌ನಲ್ಲಿ ಅದಕ್ಕೆ ಮೂರು ಸಾಲು. ಜೋಡಿಸಿದಾಗ ಆರ್ಡರ್ ಮೊತ್ತ ಮೂರೂ ಸಾಲಿನ ಪಕ್ಕದಲ್ಲಿ ಬಂದು ಕೂತಿದೆ. ಕೂಡಿದರೆ 27,000! ಕಂತಲ್ಲಿ ಕಟ್ಟಿದ ಪ್ರತಿ ಆರ್ಡರ್‌ನದ್ದೂ ಇದೇ ಕಥೆ. ಕಂತುಗಳನ್ನು ಮೊದಲು ಆರ್ಡರ್‌ವಾರು ಕೂಡಿಸಿ ಒಂದೊಂದು ಸಾಲು ಮಾಡಿಕೊಂಡು, ಆಮೇಲೆ ಜೋಡಿಸಿದೆ. 2,140ಕ್ಕೆ 2,140 ಬಂತು.

ಅಂದಿನಿಂದ ಪ್ರತಿ ಜಾಯಿನ್ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಸಾಲು ಎಣಿಸುತ್ತೇನೆ. ಸಾಲು ಜಾಸ್ತಿಯಾದರೆ ಏನೋ ಎರಡೆರಡು ಸಲ ಬಂದಿದೆ. ಕಡಿಮೆಯಾದರೆ ಏನೋ ಬಿಟ್ಟುಹೋಗಿದೆ. ಲೆಫ್ಟ್ ಜಾಯಿನ್ (ಎಡಗಡೆ ಟೇಬಲ್‌ನ ಎಲ್ಲ ಸಾಲನ್ನೂ ಉಳಿಸೋ ಜೋಡಣೆ) ಹಾಕಿ, ಬಲಗಡೆ ಇರೋ ಹಣದ ಟೇಬಲ್‌ನ ಕಾಲಮ್ ಮೇಲೆ ವೇರ್‌ನಲ್ಲಿ (ಕ್ವೆರಿಯಲ್ಲಿ ಸಾಲು ಸೋಸೋ ಭಾಗ) ಷರತ್ತು ಇಟ್ಟರೆ, ಇನ್ನೂ ಹಣ ಕಟ್ಟದ ಆರ್ಡರ್‌ಗಳೆಲ್ಲ ಸದ್ದಿಲ್ಲದೆ ಮಾಯವಾಗುತ್ತವೆ. ಅದನ್ನೂ ಸಾಲು ಎಣಿಸಿಯೇ ಹಿಡಿದದ್ದು.

ಸೇರೋ ಮುಂಚೆ ನಾನು ಆನ್‌ಲೈನ್‌ನಲ್ಲಿ ಎಸ್‌ಕ್ಯೂಎಲ್ (ಕ್ವೆರಿ ಬರೆಯೋ ಭಾಷೆ) ಕಲಿತಿದ್ದೆ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕೂಡ ಸ್ವಲ್ಪ. ಆ ಪಾಠಗಳಿಂದ ಉಪಯೋಗ ಆಯ್ತು, ಇಲ್ಲ ಅನ್ನೋಲ್ಲ. ಆದರೆ ಅಲ್ಲಿ ಕೊಡೋ ಡೇಟಾ ತೊಳೆದು ಒರೆಸಿ ಇಟ್ಟ ಡೇಟಾ. ಪ್ರಶ್ನೆಯನ್ನೂ ಅವರೇ ಕೊಡುತ್ತಾರೆ. ಅಪ್ರೆಂಟಿಸ್‌ಶಿಪ್‌ನಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ, ಒಂದು ದಿನ ಪಾಠ. ಸೋಮವಾರ ಕೆಲಸದಲ್ಲಿ ಸಿಕ್ಕಿಹಾಕಿಕೊಂಡದ್ದನ್ನೇ ಶುಕ್ರವಾರ ಪಾಠದಲ್ಲಿ ಕೇಳಬಹುದಿತ್ತು. ಇದರ ಬೆಲೆ ದೊಡ್ಡದು.

ಎಕ್ಸೆಲ್ ಬಗ್ಗೆ ಒಂದು ಮಾತು. ಸಿಎಸ್‌ವಿ ಫೈಲನ್ನು (ಕಾಲಮ್‌ಗಳನ್ನು ಕಾಮಾ ಹಾಕಿ ಬೇರೆ ಮಾಡಿದ ಸಾದಾ ಟೆಕ್ಸ್ಟ್ ಫೈಲ್) ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. 00417 ಅನ್ನೋ ಗಿರಾಕಿ ನಂಬರ್ 417 ಆಗುತ್ತದೆ. ಹಾಗೇ ಸೇವ್ ಮಾಡಿದರೆ ಶುರುವಿನ ಸೊನ್ನೆಗಳು ಹೋದವು, ಇನ್ನೊಂದು ಟೇಬಲ್ ಜೊತೆ ಅದು ಹೊಂದೋದೇ ಇಲ್ಲ. ಅಂಕಿ 15 ದಾಟಿದ ನಂಬರ್ ಆದರೆ ಕೊನೆಯ ಅಂಕಿಗಳು ಸೊನ್ನೆ ಆಗುತ್ತವೆ. ಇದು ಹೊಸಬರಿಗೆ ಮಾತ್ರ ಬರೋ ತೊಂದರೆ ಅಲ್ಲ. ಮಾರ್ಚ್1, ಸೆಪ್ಟ್1 ಅನ್ನೋ ಹೆಸರಿನ ಜೀನ್‌ಗಳನ್ನು (ವಂಶವಾಹಿಗಳನ್ನು) ಎಕ್ಸೆಲ್ ತಾರೀಖು ಅಂದುಕೊಂಡು ಬದಲಾಯಿಸುತ್ತಿತ್ತು. ಕೊನೆಗೆ ವಿಜ್ಞಾನಿಗಳು ಆ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯ್ತು. 2020ರಲ್ಲಿ ಅದು ದೊಡ್ಡ ಸುದ್ದಿ. ಫೈಲನ್ನು ಇಂಪೋರ್ಟ್ ಮಾಡಿ, ಅಂಥ ಕಾಲಮ್‌ಗಳನ್ನು ಟೆಕ್ಸ್ಟ್ ಅಂತ ಹೇಳಿಬಿಟ್ಟರೆ ಈ ಗೋಳಿಲ್ಲ.

ಆದರೆ ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಆರನೇ ತಿಂಗಳು. ಗಿರಾಕಿಗಳ ವಯಸ್ಸಿನ ಲೆಕ್ಕ ಹಾಕುತ್ತಿದ್ದೆ. ನೂರಿಪ್ಪತ್ತು ದಾಟಿದವರು ನೂರಾರು ಜನ! ನೋಡಿದರೆ ಎಲ್ಲರ ಹುಟ್ಟಿದ ದಿನವೂ ಒಂದೇ, 1900ರ ಜನವರಿ 1. ನಾನು ಆ ಸಾಲುಗಳನ್ನು ಅಳಿಸಿ ಮುಂದೆ ಹೋಗೋದರಲ್ಲಿದ್ದೆ. ಮೇಡಂ ತಡೆದರು. "ಇದನ್ನು ಟೈಪ್ ಮಾಡೋರ ಹತ್ತಿರ ಹೋಗಿ ಒಂದು ದಿನ ಕೂತು ಬಾ" ಅಂದರು.

ಹೋಗಿ ಕೂತೆ. ಎಂಟ್ರಿ ಮಾಡುತ್ತಿದ್ದ ಅಕ್ಕ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಗಿರಾಕಿ ಜೊತೆ ಮಾತಾಡುತ್ತಲೇ ಟೈಪ್ ಮಾಡುತ್ತಿದ್ದರು. ಹುಟ್ಟಿದ ದಿನ ಕೇಳಿದರು. ಆ ಕಡೆಯವರು ಹೇಳೋಕೆ ಒಪ್ಪಲಿಲ್ಲ. ಆ ಜಾಗ ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗೋದಿಲ್ಲ. ಪಟ್ಟಿಯಲ್ಲಿ ಸಿಗೋ ಅತಿ ಹಳೆಯ ತಾರೀಖು ಒತ್ತಿದರು. "ಇನ್ನೇನು ಮಾಡ್ಲಿ ಹೇಳಿ? ಹಿಂದೆ ಇನ್ನೊಂದು ಕಾಲ್ ಕಾಯ್ತಿದೆ" ಅಂದರು. ಅವರದ್ದು ಏನೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಫಾರ್ಮ್‌ನಲ್ಲಿ.

ಅದೇ ದಿನ ಇನ್ನೊಂದೂ ಗೊತ್ತಾಯ್ತು. ನಮ್ಮ ಸೇವೆಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ ಗಿರಾಕಿಗಳನ್ನು ಕೇಳಿದಾಗ ಉತ್ತರಿಸದವರಿಗೆ ಅಲ್ಲಿ ಸೊನ್ನೆ ಹಾಕುತ್ತಿದ್ದರು. ಐವರಲ್ಲಿ ಒಬ್ಬರು ಉತ್ತರಿಸುತ್ತಿರಲಿಲ್ಲ. ಉತ್ತರ ಕೊಟ್ಟವರ ಸರಾಸರಿ 4. ಸೊನ್ನೆಗಳನ್ನು ಸೇರಿಸಿದರೆ 3.2. ಜಾಗ ನಿಜವಾಗಿ ಖಾಲಿ ಇದ್ದಿದ್ದರೆ, ಅಂದರೆ ನಲ್ ಇದ್ದಿದ್ದರೆ, ಸರಾಸರಿ ತೆಗೆಯುವಾಗ ಎಸ್‌ಕ್ಯೂಎಲ್ ಅದನ್ನು ತಾನೇ ಬಿಡುತ್ತಿತ್ತು. ಸೊನ್ನೆ ಇದ್ದರೆ ಅದಕ್ಕೇನು ಗೊತ್ತು, ಕೂಡಿಸಿಬಿಡುತ್ತದೆ. 3.2 ನೋಡಿ ಎಂಟ್ರಿ ಮಾಡೋ ತಂಡದ ಕೆಲಸ ಚೆನ್ನಾಗಿಲ್ಲ ಅಂತ ಮೀಟಿಂಗ್‌ನಲ್ಲಿ ಮಾತು ಬಂದಿತ್ತು. ಆ ತಂಡದ ಪಕ್ಕದಲ್ಲೇ ನಾನು ಅವತ್ತು ಕೂತಿದ್ದೆ. ನನಗೆ ತುಂಬಾ ಬೇಜಾರಾಯ್ತು. ನಾವು ಹಾಕೋ ಒಂದು ನಂಬರ್ ಹಿಂದೆ ಯಾರದ್ದೋ ಹೆಸರು ಇರುತ್ತದೆ, ಅಲ್ವಾ?

ಚಾರ್ಟ್ ಹಾಕದೆ ಸರಾಸರಿ ಕೊಡಬಾರದು ಅನ್ನೋದನ್ನು ಪಾಠದ ದಿನ ಕಲಿತೆ. ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನೋ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ನಾಲ್ಕು ಸಣ್ಣ ಡೇಟಾ ಗುಂಪು ಮಾಡಿ ತೋರಿಸಿದ್ದರು. ಒಂದೊಂದರಲ್ಲಿ ಹನ್ನೊಂದೇ ಬಿಂದು. ಸರಾಸರಿ, ಏರಿಳಿತ, ಪರಸ್ಪರ ಸಂಬಂಧದ ಲೆಕ್ಕ ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ. ಚಿತ್ರ ಬಿಡಿಸಿದರೆ ಒಂದು ಗೆರೆಯ ಸುತ್ತ ಚದುರಿದೆ, ಒಂದು ಕಮಾನಿನಂತೆ ಬಾಗಿದೆ. ಉಳಿದೆರಡರಲ್ಲಿ ಒಂಟಿ ಬಿಂದುವೊಂದು ಇಡೀ ಲೆಕ್ಕವನ್ನೇ ಎಳೆದುಕೊಂಡು ಹೋಗಿದೆ. ನೀವೂ ಒಂದು ಸಲ ಕೈಯಾರೆ ಬಿಡಿಸಿ ನೋಡಿ.

ಕೊನೆಯಲ್ಲಿ ಒಂದು ಪ್ರಾಜೆಕ್ಟ್ ಮಾಡಿ ಪರೀಕ್ಷಕರ ಮುಂದೆ ವಿವರಿಸಬೇಕಿತ್ತು. ನಾನು ಆ ಫಾರ್ಮನ್ನೇ ತೆಗೆದುಕೊಂಡೆ. ಯಾವ ಕಾಲಮ್‌ನಲ್ಲಿ ಸುಮ್ನೆ ತುಂಬಿಸಿದ ಉತ್ತರ ಎಷ್ಟಿದೆ ಅಂತ ಲೆಕ್ಕ ತೆಗೆದು, ಎಂಟ್ರಿ ಮಾಡೋರ ಜೊತೆ ಕೂತು, "ಹೇಳಲಿಲ್ಲ" ಅನ್ನೋ ಆಯ್ಕೆ ಎಲ್ಲೆಲ್ಲಿ ಬೇಕು ಅಂತ ಗುರುತು ಮಾಡಿದೆವು. ಅವರು ಹೇಳಿದ ಎರಡು ಜಾಗ ನನಗೆ ಡೇಟಾದಲ್ಲಿ ಕಂಡೇ ಇರಲಿಲ್ಲ.

ಫಾರ್ಮ್ ಬದಲಾಯ್ತು. ಅದಾದ ಮೇಲೆ ಬಂದ ಸಾಲುಗಳಲ್ಲಿ 1900ರ ಜನವರಿ 1 ಕಾಣಿಸಿಕೊಂಡಿಲ್ಲ. ಹಳೆಯ ಸಾಲುಗಳನ್ನು ನಾವು ಅಳಿಸಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಲಮ್ ಸೇರಿಸಿ, "ಹುಟ್ಟಿದ ದಿನ ತಿಳಿದಿಲ್ಲ" ಅಂತ ಗುರುತು ಹಾಕಿದ್ದೇವೆ. ವಯಸ್ಸಿನ ರಿಪೋರ್ಟ್ ಹೋಗುವಾಗಲೆಲ್ಲ ಅಂಥವರು ಎಷ್ಟು ಜನ ಅನ್ನೋದೂ ಅದರ ಕೆಳಗೆ ಹೋಗುತ್ತದೆ.