ಕಳ್ಳಸಂತೆಯಲ್ಲಿ ನಂಬಿಕೆ ಹುಟ್ಟುವುದು ಹೇಗೆ?

ಮಾರುವವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಮೋಸ ಹೋದರೆ ಪೊಲೀಸರಿಗೆ ದೂರು ಕೊಡುವಂತೆಯೂ ಇಲ್ಲ. ಆದರೂ 2011ರಲ್ಲಿ ಶುರುವಾದ ಸಿಲ್ಕ್ ರೋಡ್ ಎಂಬ ಡಾರ್ಕ್‌ನೆಟ್ (ಸಾಮಾನ್ಯ ಬ್ರೌಸರ್‌ಗೆ ಸಿಗದ, ಗುರುತು ಮರೆಸುವ ಇಂಟರ್ನೆಟ್ ಭಾಗ) ಮಾರುಕಟ್ಟೆಯಲ್ಲಿ ಎರಡೂವರೆ ವರ್ಷ ಮಾದಕವಸ್ತುಗಳ ವ್ಯಾಪಾರ ಜೋರಾಗಿಯೇ ನಡೆಯಿತು. ಅದು ಹೇಗೆ? ಒಂದು ಆರ್ಡರ್ ಹಿಡಿದು ನೋಡೋಣ.

ಮೊದಲ ಹಂತ ಎಸ್ಕ್ರೋ. ಕೊಳ್ಳುವವನು ಕಳಿಸಿದ ಬಿಟ್‌ಕಾಯಿನ್ ಮಾರುವವನಿಗೆ ಕೂಡಲೇ ಸಿಗುವುದಿಲ್ಲ. ಇಬ್ಬರೂ ಒಪ್ಪಿದ ಊರ ಹಿರಿಯರ ಕೈಗೆ ದುಡ್ಡು ಕೊಟ್ಟಿಟ್ಟ ಹಾಗೆ, ಅದು ಮಾರುಕಟ್ಟೆ ನಡೆಸುವವನ ಬಳಿ ಇರುತ್ತದೆ. ಸರಕು ಬಂತು ಎಂದು ಕೊಳ್ಳುವವನು ಒಪ್ಪಿಕೊಂಡ ಮೇಲೆ ಕಮಿಷನ್ ಕಳೆದು ಬಿಡುಗಡೆಯಾಗುತ್ತದೆ. ಜಗಳ ಬಂದರೆ ಮಾರುಕಟ್ಟೆಯವರದ್ದೇ ತೀರ್ಪು.

ಆಮೇಲೆ ರಿವ್ಯೂ. ಸುಳ್ಳು ಹೆಸರಾದರೂ ಅದರ ಮೇಲೆ ನೂರಾರು ಒಳ್ಳೆಯ ರಿವ್ಯೂ ಬಿದ್ದರೆ ಅದೇ ಬಂಡವಾಳ. ಅದನ್ನು ಯಾರೂ ಸುಮ್ನೆ ಕಳೆದುಕೊಳ್ಳುವುದಿಲ್ಲ. ಒಂದು ಮಾರುಕಟ್ಟೆ ಮುಚ್ಚಿದರೆ ಮಾರುವವನು ಇನ್ನೊಂದಕ್ಕೆ ಹೋಗಿ, ತನ್ನ ಹಳೆಯ ಪಿಜಿಪಿ ಕೀಲಿಯಿಂದ (ಅವನೊಬ್ಬನ ಬಳಿ ಮಾತ್ರ ಇರುವ ಗುಟ್ಟಿನ ಡಿಜಿಟಲ್ ಕೀಲಿ) ಸಹಿ ಹಾಕಿ 'ನಾನೇ ಅವನು' ಎಂದು ತೋರಿಸುತ್ತಾನೆ. ಹೊಸಬರಿಂದ ಹಲವು ಕಡೆ ಠೇವಣಿಯನ್ನೂ ಕೇಳುತ್ತಾರೆ.

ಹಾಗಾದರೆ ಮೋಸವೇ ಇಲ್ವಾ? ಬೇಕಾದಷ್ಟಿದೆ. ಒಳ್ಳೆಯ ಹೆಸರು ಬಂದ ಮೇಲೆ ಕೆಲವರು 'ಸರಕು ಸೇರುವ ಮೊದಲೇ ಹಣ ಬಿಡಿ' ಎನ್ನುತ್ತಾರೆ. ಒಂದಷ್ಟು ದೊಡ್ಡ ಆರ್ಡರ್ ತೆಗೆದುಕೊಂಡು ಮಾಯವಾಗುತ್ತಾರೆ. ಅದಕ್ಕಿಂತ ಜಾಸ್ತಿ ಅಪಾಯ ಹಣ ಹಿಡಿದು ಕೂತ ಮಧ್ಯದವನದ್ದು. 2015ರ ಮಾರ್ಚ್‌ನಲ್ಲಿ ಎವಲ್ಯೂಷನ್ ಮಾರುಕಟ್ಟೆ ನಡೆಸುತ್ತಿದ್ದವರು ಎಸ್ಕ್ರೋದಲ್ಲಿದ್ದ ಬಿಟ್‌ಕಾಯಿನ್ ಸಮೇತ ಪರಾರಿಯಾದರು. ಸುಮಾರು 1.2 ಕೋಟಿ ಡಾಲರ್ ಎಂಬ ಅಂದಾಜು. ಕಳ್ಳರ ದುಡ್ಡು ಕಳ್ಳರೇ ಹೊಡೆದರು, ದೂರು ಕೊಡಲು ಯಾರು ಹೋಗುತ್ತಾರೆ? ಇದಕ್ಕೂ ಒಂದು ಉಪಾಯವಿದೆ: ಕೊಳ್ಳುವವನು, ಮಾರುವವನು, ಮಾರುಕಟ್ಟೆ ಈ ಮೂವರ ಬಳಿ ಒಂದೊಂದಿರುವ ಮೂರು ಡಿಜಿಟಲ್ ಕೀಲಿಗಳಲ್ಲಿ ಎರಡು ಕೂಡಿದರೆ ಮಾತ್ರ ಹಣ ತೆಗೆಯುವ ವ್ಯವಸ್ಥೆ. ಆದರೆ ಅದರ ರಗಳೆ ಬಹಳ ಜನಕ್ಕೆ ಬೇಡ.

ಈ ನಂಬಿಕೆಯ ಎಳೆಯನ್ನೇ ಪೊಲೀಸರೂ ಹಿಡಿದರು. 2017ರ ಜೂನ್‌ನಲ್ಲಿ ನೆದರ್ಲ್ಯಾಂಡ್ಸ್ ಪೊಲೀಸರು ಹನ್ಸಾ ಎಂಬ ಮಾರುಕಟ್ಟೆಯನ್ನು ಗುಟ್ಟಾಗಿ ವಶಕ್ಕೆ ತೆಗೆದುಕೊಂಡು ತಾವೇ ನಡೆಸತೊಡಗಿದರು. ಜುಲೈನಲ್ಲಿ ಆಲ್ಫಾಬೇ ಎಂಬ ದೊಡ್ಡ ಮಾರುಕಟ್ಟೆ ಮುಚ್ಚಿತು. ಅಲ್ಲಿಂದ ಓಡಿದ ಎಷ್ಟೋ ಜನ ಬಂದು ಸೇರಿದ್ದು ಹನ್ಸಾಕ್ಕೇ. ಸಂದೇಶಗಳು ಗೂಢಲಿಪಿಗೆ ಹೋಗುವ ಮುನ್ನವೇ ಅವುಗಳ ಪ್ರತಿ ಉಳಿಯುವಂತೆ ಪೊಲೀಸರು ಸೈಟಿನ ಕೋಡ್ ತಿದ್ದಿದ್ದರು. ಜುಲೈ 20ರಂದು ಹನ್ಸಾ ಮುಚ್ಚುವ ಹೊತ್ತಿಗೆ ಸಾವಿರಾರು ಗ್ರಾಹಕರ ವಿಳಾಸ ಅವರ ಕೈಯಲ್ಲಿತ್ತು.