ಗ್ರಾಚ್ಯುಟಿ ಕೈಗೆ ಬಂತು, ಮುಂದೇನು?

ನಿವೃತ್ತಿ ದಿನ ಆಫೀಸಿನಲ್ಲಿ ಶಾಲು, ಹಾರ, ಫೋಟೊ. ದುಡ್ಡು ಖಾತೆಗೆ ಬಿದ್ದ ವಾರದಲ್ಲೇ ಫೋನು ಶುರು. "ಸರ, ನಮ್ಮ ಸೊಸೈಟಿದಾಗ ಇಡ್ರಿ, ಹನ್ನೆರಡು ಪರ್ಸೆಂಟ್ ಕೊಡ್ತೀವಿ." ಕಲಬುರಗಿಯಲ್ಲಿ ಹೀಗೆ ಕೇಳುವವರು ಬಹುಪಾಲು ಗುರುತಿನವರೇ. ಇಲ್ಲ ಅನ್ನೋದು ಕಷ್ಟ. ನಾನೂ ಅನ್ನಲಿಲ್ಲ, ಎರಡು ಲಕ್ಷ ಇಟ್ಟೆ. ಒಂದೂವರೆ ವರ್ಷ ಬಡ್ಡಿ ಬಂತು, ಆಮೇಲೆ ಬಾಗಿಲಿಗೆ ಬೀಗ ಬಿತ್ತು. ಕೆಳಗಿನದ್ದೆಲ್ಲ ಅದಾದ ಮೇಲೆ ಕಲಿತದ್ದು.

ಮೊದಲ ತಿಂಗಳು ದುಡ್ಡನ್ನು ಉಳಿತಾಯ ಖಾತೆಯಲ್ಲೇ ಸುಮ್ನೆ ಬಿಡಿ. ಕೈಸಾಲ, ಬ್ಯಾಂಕ್ ಸಾಲ ಇದ್ದರೆ ತೀರಿಸಿ. ಆರು ತಿಂಗಳ ಮನೆಖರ್ಚು ತೆಗೆದಿಡಿ. ರಾತ್ರೋರಾತ್ರಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಆಸ್ಪತ್ರೆಗೆ ಓಡಬೇಕಾದರೆ ಆಗುವಷ್ಟು ಬೇರೆ ಇರಲಿ.

ಉಳಿದದ್ದರಲ್ಲಿ ದೊಡ್ಡ ಪಾಲಿಗೆ ನನ್ನ ಆಯ್ಕೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಬ್ಯಾಂಕಿನಲ್ಲೂ ಸಿಗುತ್ತದೆ. 60 ವರ್ಷ ತುಂಬಿರಬೇಕು. ಸಿಮೆಂಟ್ ಕಾರ್ಖಾನೆಯವರ ಹಾಗೆ ಅದಕ್ಕೂ ಮೊದಲೇ, 55 ದಾಟಿ ನಿವೃತ್ತರಾದವರು ಹಣ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು. ಒಬ್ಬರಿಗೆ ಮಿತಿ 30 ಲಕ್ಷ. ಸರ್ಕಾರ ಮೂರು ತಿಂಗಳಿಗೊಮ್ಮೆ ಬಡ್ಡಿದರ ನೋಡುತ್ತದೆ, ಆದರೆ ನೀವು ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. 2023ರ ಏಪ್ರಿಲ್‌ನಲ್ಲಿ ದರ ಶೇ 8.2 ಆಯಿತು. ಆ ದರದಲ್ಲಿ 15 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೆ 30,750 ರೂಪಾಯಿ. ಒಂದೇ ಗೊತ್ತಿರಲಿ: ವರ್ಷ ತುಂಬುವ ಮೊದಲು ಮುರಿದರೆ ಇಟ್ಟ ದುಡ್ಡಿನಲ್ಲೇ ಹಿಡಿದುಕೊಳ್ಳುತ್ತಾರೆ. ಅದಕ್ಕೇ ಆಸ್ಪತ್ರೆ ದುಡ್ಡು ಬೇರೆ ಇಡಿ ಅಂದದ್ದು.

ಬ್ಯಾಂಕ್ ಠೇವಣಿಗೆ ವಿಮೆ ಇದೆ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಅದು ಒಂದು ಬ್ಯಾಂಕಿಗೆ ಒಂದೇ. ಜಗತ್ ವೃತ್ತದ ಶಾಖೆಯಲ್ಲಿ ಅರ್ಧ, ಸೂಪರ್ ಮಾರ್ಕೆಟ್ ಶಾಖೆಯಲ್ಲಿ ಅರ್ಧ ಇಟ್ಟರೂ ಲೆಕ್ಕ ಒಂದೇ. ಸಹಕಾರಿ ಬ್ಯಾಂಕಿಗೂ ಈ ವಿಮೆ ಉಂಟು. ಪತ್ತಿನ ಸಹಕಾರಿ ಸಂಘಕ್ಕೆ, ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿಗೆ ಇಲ್ಲ. ಬೋರ್ಡು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ನಾನು ಮುಗ್ಗರಿಸಿದ್ದು ಅಲ್ಲೇ.

ಮ್ಯೂಚುವಲ್ ಫಂಡ್, ಷೇರು ಅಂತ ಯಾರಾದರೂ ಬಂದರೆ ಲಾಭ ಎಷ್ಟು ಅಂತ ಕೇಳುವ ಮೊದಲು ನೋಂದಣಿ ಸಂಖ್ಯೆ ಕೇಳಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರ ಸಂಖ್ಯೆ 'ಐಎನ್‌ಎ' ಅಂತ ಶುರುವಾಗುತ್ತದೆ. ಅವರು ನಿಮ್ಮಿಂದ ಶುಲ್ಕ ತೆಗೆದುಕೊಳ್ಳುತ್ತಾರೆ. 'ಎಆರ್‌ಎನ್' ಇದ್ದವರು ಫಂಡ್ ಮಾರುವವರು, ಅವರಿಗೆ ಕಮಿಷನ್ ಬರುತ್ತದೆ. ತಪ್ಪೇನಿಲ್ಲ, ಆದರೆ ಯಾರ ದುಡ್ಡಿನಲ್ಲಿ ಮಾತಾಡುತ್ತಿದ್ದಾರೆ ಅಂತ ನಮಗೆ ಗೊತ್ತಿರಬೇಕು, ಅಲ್ವಾ? ಸಲಹೆಗಾರರು ಹೇಳಿದ 'ಐಎನ್‌ಎ' ಸಂಖ್ಯೆಯನ್ನು ಸೆಬಿ ಜಾಲತಾಣದ ಪಟ್ಟಿಯಲ್ಲಿ ಮೊಮ್ಮಗನ ಕೈಯಲ್ಲಿ ಹುಡುಕಿಸಿ. ಮೊನ್ನೆ ಅಳಿಯನ ಗೆಳೆಯನಿಗೆ ಸಂಖ್ಯೆ ಕೇಳಿದೆ. "ವಾಟ್ಸಾಪ್ ಮಾಡ್ತೀನ್ರಿ ಕಾಕಾ" ಅಂದ, ಇನ್ನೂ ಬಂದಿಲ್ಲ.

ಕಲಿಯುವ ಮನಸ್ಸಿದ್ದರೆ ಸೆಬಿಯ 'ಸಾರಥಿ' ಆ್ಯಪ್ ಪುಕ್ಕಟೆ ಸಿಗುತ್ತದೆ. ಎದುರು ಕೂತು ಕೇಳಬೇಕು ಅನ್ನುವವರು ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರ ಎಲ್ಲಿದೆ ಅಂತ ನಿಮ್ಮ ಬ್ಯಾಂಕಿನಲ್ಲೇ ವಿಚಾರಿಸಿ. ಕಂಪನಿಯೊಂದು ಠೇವಣಿ ತೆಗೆದುಕೊಳ್ಳಬಹುದೋ ಇಲ್ಲವೋ ಎಂಬ ಅನುಮಾನಕ್ಕೆ, ದೂರಿಗೆ ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣವಿದೆ. ಆನ್‌ಲೈನ್‌ನಲ್ಲಿ ಮೋಸ ಹೋದರೆ ನಾಚಿಕೊಂಡು ಕೂರಬೇಡಿ, ಆಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.